ರೋಗ ಮೂಸುವ ಮೂಗುಗಳು: ಎಲ್ಲಿ ನಂಬಬೇಕು, ಎಲ್ಲಿ ತಡೆಯಬೇಕು

ಟಾಂಜಾನಿಯಾದ ಮೊರೊಗೊರೊದಲ್ಲಿರುವ ಸೊಕೊಯಿನೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಹೆಗ್ಗಣಗಳು ಮನುಷ್ಯರ ಕಫವನ್ನು ಮೂಸಿ ನೋಡುತ್ತವೆ. ಗಾಜಿನ ಗೋಡೆಯ ಉದ್ದನೆಯ ಪಂಜರ, ಅದರ ತಳದಲ್ಲಿ ಸಾಲಾಗಿ ತೂತುಗಳು, ಪ್ರತಿ ತೂತಿನ ಕೆಳಗೆ ಒಬ್ಬೊಬ್ಬರ ಕಫದ ಮಾದರಿ. ಹೆಗ್ಗಣ ಒಂದೊಂದೇ ತೂತಿಗೆ ಮೂಗಿಟ್ಟು ಮುಂದೆ ಸಾಗುತ್ತದೆ. ಕ್ಷಯದ ವಾಸನೆ ಹತ್ತಿದ ಕಡೆ ಮೂರು ಸೆಕೆಂಡು ಮೂಗು ಕೀಳದೆ ನಿಲ್ಲುತ್ತದೆ. ಹೀಗೆ 100 ಮಾದರಿಗಳನ್ನು ಸುಮಾರು 20 ನಿಮಿಷದಲ್ಲಿ ಮುಗಿಸುತ್ತದೆ. ಅಷ್ಟನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ ಮುಗಿಸಲು ಒಬ್ಬ ತಂತ್ರಜ್ಞರಿಗೆ ನಾಲ್ಕು ದಿನ ಹಿಡಿಯುತ್ತದೆ.

ಈ ಕೆಲಸ ನಡೆಸುತ್ತಿರುವುದು ಅಪೋಪೊ ಎಂಬ ಸಂಸ್ಥೆ. ಬೆಲ್ಜಿಯಂನ ಬಾರ್ಟ್ ವೀಟ್ಯೆನ್ಸ್ 1990ರ ದಶಕದ ಕೊನೆಯಲ್ಲಿ ಇದನ್ನು ಕಟ್ಟಿದ್ದು ನೆಲಬಾಂಬ್ ಹುಡುಕುವುದಕ್ಕೆ. ಆಫ್ರಿಕಾದ ದೈತ್ಯ ಚೀಲಗೆನ್ನೆಯ ಹೆಗ್ಗಣ ಒಂದು ಕಿಲೋ ಆಸುಪಾಸು ತೂಗುವ ಪ್ರಾಣಿ, ಬಾಂಬ್ ಮೇಲೆ ಕಾಲಿಟ್ಟರೂ ಅದು ಸಿಡಿಯುವಷ್ಟು ಭಾರ ಬೀಳುವುದಿಲ್ಲ. 2007ರಿಂದ ಅದೇ ಮೂಗನ್ನು ಕ್ಷಯದ ಕಡೆಗೆ ತಿರುಗಿಸಿದರು. ಆಸ್ಪತ್ರೆಗಳಿಂದ ಬಂದ ಕಫವನ್ನು ಮೊದಲು ಬಿಸಿ ಮಾಡಿ ರೋಗಾಣುಗಳನ್ನು ಕೊಲ್ಲುತ್ತಾರೆ, ಆಮೇಲಷ್ಟೇ ಹೆಗ್ಗಣದ ಮುಂದೆ ಇಡುತ್ತಾರೆ. ಒಂದು ಹೆಗ್ಗಣ ಈ ಕೆಲಸಕ್ಕೆ ತಯಾರಾಗಲು ಸುಮಾರು ಒಂಬತ್ತು ತಿಂಗಳ ತರಬೇತಿ ಬೇಕು.

ಇದೇನು ಕೌತುಕದ ಸುದ್ದಿಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ 1.08 ಕೋಟಿ ಜನರಿಗೆ ಕ್ಷಯ ತಗಲಿತು, 12.5 ಲಕ್ಷ ಜನ ಸತ್ತರು. ಗುಣಪಡಿಸಬಹುದಾದ ಕಾಯಿಲೆಯಿಂದ ಇಷ್ಟು ಸಾವು. ಇದಕ್ಕೆ ಒಂದು ಕಾರಣ, ಬಡ ದೇಶಗಳ ಸಣ್ಣ ಆಸ್ಪತ್ರೆಗಳು ಇಂದಿಗೂ ನೆಚ್ಚಿಕೊಂಡಿರುವ ಸೂಕ್ಷ್ಮದರ್ಶಕದ ಪರೀಕ್ಷೆ. ಕಫದಲ್ಲಿ ರೋಗಾಣುಗಳು ಸಾಕಷ್ಟು ಸಂಖ್ಯೆಯಲ್ಲಿ ಇದ್ದರೆ ಮಾತ್ರ ಅವು ಕಣ್ಣಿಗೆ ಬೀಳುತ್ತವೆ, ಇಲ್ಲದಿದ್ದರೆ ರೋಗಿ ‘ನೆಗೆಟಿವ್’ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ, ಕೆಮ್ಮುತ್ತಲೇ ಇರುತ್ತಾರೆ, ಮನೆಮಂದಿಗೂ ಹಂಚುತ್ತಾರೆ. ಹೀಗೆ ತಪ್ಪಿಸಿಕೊಂಡವರ ಕಫವೇ ಹೆಗ್ಗಣಗಳ ಮುಂದೆ ಬರುವುದು. ಹೆಗ್ಗಣ ಗುರುತಿಸಿದ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಇನ್ನಷ್ಟು ಸೂಕ್ಷ್ಮವಾದ ವಿಧಾನದಿಂದ ಮತ್ತೆ ನೋಡುತ್ತಾರೆ. ಖಚಿತವಾದರೆ ರೋಗಿಯನ್ನು ಹುಡುಕಿ ಔಷಧಿ ಶುರು ಮಾಡಿಸುತ್ತಾರೆ. ಇದರಿಂದ ಪಾಲುದಾರ ಆಸ್ಪತ್ರೆಗಳಲ್ಲಿ ಪತ್ತೆಯಾಗುವ ರೋಗಿಗಳ ಸಂಖ್ಯೆ ಸುಮಾರು ಶೇ 40ರಷ್ಟು ಏರಿದೆ ಎನ್ನುವುದು ಸಂಸ್ಥೆಯ ಲೆಕ್ಕ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಚಿಕ್ಕ ಮಕ್ಕಳಿಗೆ ಕೆಮ್ಮಿ ಕಫ ತೆಗೆಯುವುದೇ ಬಾರದು, ತೆಗೆದರೂ ಅದರಲ್ಲಿ ರೋಗಾಣು ಕಡಿಮೆ. ಟಾಂಜಾನಿಯಾದಲ್ಲಿ 982 ಮಕ್ಕಳ ಮಾದರಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೂಕ್ಷ್ಮದರ್ಶಕ 34 ಮಕ್ಕಳಲ್ಲಿ ಕ್ಷಯ ಕಂಡಿತ್ತು. ಹೆಗ್ಗಣಗಳು ತೋರಿಸಿಕೊಟ್ಟ ಮೇಲೆ ಆ ಸಂಖ್ಯೆ 57ಕ್ಕೆ ಏರಿತು. ಹೆಗ್ಗಣಗಳಿಲ್ಲದಿದ್ದರೆ ಆ 23 ಮಕ್ಕಳು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಈ ಏರ್ಪಾಟಿನಲ್ಲಿ ಹೆಗ್ಗಣಕ್ಕೆ ಕೊಟ್ಟಿರುವ ಜಾಗ ಎಷ್ಟು, ಎಲ್ಲಿ ಎನ್ನುವುದನ್ನು ಗಮನಿಸಬೇಕು. ಅದು ರೋಗ ಇದೆ ಎಂದು ಘೋಷಿಸುವುದಿಲ್ಲ. ಇದನ್ನು ಮತ್ತೊಮ್ಮೆ ನೋಡಿ ಎನ್ನುತ್ತದೆ, ಅಷ್ಟೆ. ಅದರ ಹಿಂದೆ ಒಂದು ದುರ್ಬಲ ಪರೀಕ್ಷೆ, ಮುಂದೆ ಒಂದು ಬಲವಾದ ಪರೀಕ್ಷೆ, ನಡುವೆ ಅದರ ಮೂಗು. ಪ್ರಾಣಿಗಳಿಂದ ರೋಗ ಪತ್ತೆ ಮಾಡಿಸುವ ಬಗ್ಗೆ ಕೆಲವು ವರ್ಷಗಳಿಂದ ಬರುತ್ತಿರುವ ಹತ್ತಾರು ಸುದ್ದಿಗಳನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಮಾನದಂಡ ಕಂಡಿಲ್ಲ. ನಾಯಿಯ ಮೂಗು ಚುರುಕೇ ಎಂದು ಕೇಳುವ ಕಾಲ ಮುಗಿಯಿತು. ಆ ಮೂಗಿನ ಉತ್ತರವನ್ನು ನಾವು ಯಾವ ಹಂತದಲ್ಲಿ ಕೇಳುತ್ತಿದ್ದೇವೆ, ಕೇಳಿ ಏನು ಮಾಡುತ್ತೇವೆ ಎಂಬುದೇ ಈಗ ಉಳಿದಿರುವ ಪ್ರಶ್ನೆ.

ರೋಗಕ್ಕೆ ವಾಸನೆ ಇದೆ ಎಂಬುದು ಹಳೆಯ ತಿಳಿವಳಿಕೆ. ಸಕ್ಕರೆ ಕಾಯಿಲೆ ಮಿತಿಮೀರಿದವರ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಬರುವುದನ್ನೂ, ಯಕೃತ್ತು ಕೆಟ್ಟವರ ಉಸಿರಿನ ಬೇರೆಯದೇ ನಾತವನ್ನೂ ಹಳೆಯ ವೈದ್ಯರು ಮೂಗಿನಿಂದಲೇ ಗುರುತಿಸುತ್ತಿದ್ದರು. 1971ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ತಂಡ ಮನುಷ್ಯನ ಉಸಿರಿನಲ್ಲಿ ಸುಮಾರು 250 ಬಗೆಯ ಆವಿಯಾಗುವ ವಸ್ತುಗಳಿರುವುದನ್ನು ತೋರಿಸಿತು. ಜೀವಕೋಶದ ಕೆಲಸ ಕೆಟ್ಟರೆ, ರೋಗಾಣು ಒಳಹೊಕ್ಕರೆ, ದೇಹ ಅದರ ವಿರುದ್ಧ ಸೆಣಸಿದರೆ ಈ ವಸ್ತುಗಳ ಪ್ರಮಾಣ ಏರುಪೇರಾಗುತ್ತದೆ. ಉಸಿರು, ಬೆವರು, ಮೂತ್ರ, ಚರ್ಮದ ಜಿಡ್ಡು ಎಲ್ಲದರಲ್ಲೂ ಅದರ ಗುರುತು ಬೀಳುತ್ತದೆ. ಸಾಮಾನ್ಯವಾಗಿ ಒಂದೇ ಒಂದು ‘ಕ್ಯಾನ್ಸರ್ ವಾಸನೆ’ ಎಂಬುದಿರುವುದಿಲ್ಲ. ಹಲವು ವಸ್ತುಗಳು ಒಂದು ನಿರ್ದಿಷ್ಟ ಹದದಲ್ಲಿ ಬೆರೆತಾಗ ಹುಟ್ಟುವ ಪಾಕ ಅದು, ಯಂತ್ರಗಳು ತಡವರಿಸುವುದೂ ಇಲ್ಲೇ.

ಪ್ರಾಣಿಗಳಿಗೆ ಇದು ಸುಲಭ. ವಾಸನೆ ಹಿಡಿಯುವ ಗ್ರಾಹಕಗಳನ್ನು ರೂಪಿಸುವ, ಕೆಲಸ ಮಾಡುವ ಜೀನ್‌ಗಳು ಮನುಷ್ಯರಲ್ಲಿ ಸುಮಾರು 400, ನಾಯಿಗಳಲ್ಲಿ ಸುಮಾರು 800, ಇಲಿಗಳಲ್ಲಿ ಸಾವಿರಕ್ಕೂ ಹೆಚ್ಚು. (ಆಫ್ರಿಕಾದ ಆನೆಯಲ್ಲಿ ಈ ಸಂಖ್ಯೆ 2,000ದ ಹತ್ತಿರ.) ನಾಯಿಯ ಮೂಗಿನೊಳಗೆ ಉಸಿರಾಟಕ್ಕೊಂದು ದಾರಿ, ವಾಸನೆಗೊಂದು ದಾರಿ ಬೇರೆ ಬೇರೆಯಾಗಿ ಕವಲೊಡೆಯುತ್ತವೆ. ಬಿಡುವ ಉಸಿರು ಮೂಗಿನ ಹೊಳ್ಳೆಗಳ ಪಕ್ಕದ ಸೀಳಿನಿಂದ ಹೊರಹೋಗುವುದರಿಂದ ಎದುರಿನ ವಾಸನೆ ಕದಡುವುದಿಲ್ಲ.

ಆಧುನಿಕ ವೈದ್ಯಕೀಯದಲ್ಲಿ ಇದರ ಕಥೆ ಶುರುವಾಗುವುದು 1989ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಗೆ ಲಂಡನ್ನಿನ ಇಬ್ಬರು ಚರ್ಮವೈದ್ಯರು ಬರೆದ ಒಂದು ಪುಟ್ಟ ಪತ್ರದಿಂದ. ಒಬ್ಬ ಮಹಿಳೆಯ ತೊಡೆಯ ಮೇಲಿದ್ದ ಒಂದು ಮಚ್ಚೆಯನ್ನು ಅವರ ನಾಯಿ ಬಟ್ಟೆಯ ಮೇಲಿಂದಲೇ ಮತ್ತೆಮತ್ತೆ ಮೂಸುತ್ತಿತ್ತು, ಉಳಿದ ಮಚ್ಚೆಗಳ ಗೊಡವೆಗೆ ಹೋಗುತ್ತಿರಲಿಲ್ಲ. ಅವರು ಚಡ್ಡಿ ತೊಟ್ಟ ದಿನ ಅದನ್ನು ಕಚ್ಚಿ ಕೀಳಲೂ ನೋಡಿತು. ಆಸ್ಪತ್ರೆಯಲ್ಲಿ ತೆಗೆದು ಪರೀಕ್ಷಿಸಿದಾಗ ಅದು ಮೆಲನೋಮಾ, ಅಂದರೆ ಅಪಾಯಕಾರಿ ಚರ್ಮದ ಕ್ಯಾನ್ಸರ್.

ಒಂದು ಪ್ರಸಂಗದಿಂದ ಏನನ್ನೂ ಸಾಬೀತು ಮಾಡಲಾಗದು. ಅದನ್ನು ಪರೀಕ್ಷೆಗೆ ಒಡ್ಡಿದ ಮೊದಲ ಗಟ್ಟಿ ಪ್ರಯತ್ನ ಬಂದದ್ದು 2004ರಲ್ಲಿ, ಬ್ರಿಟನ್ನಿನಿಂದಲೇ. ಏಳು ಮೂತ್ರದ ಮಾದರಿಗಳಲ್ಲಿ ಒಂದು ಮಾತ್ರ ಮೂತ್ರಕೋಶದ ಕ್ಯಾನ್ಸರ್ ರೋಗಿಯದ್ದು, ನಾಯಿ ಅದರ ಪಕ್ಕದಲ್ಲಿ ಮಲಗಿ ತೋರಿಸಬೇಕು. ಆರು ನಾಯಿಗಳು ಒಟ್ಟು 54 ಸುತ್ತುಗಳಲ್ಲಿ 22 ಬಾರಿ ಸರಿಯಾಗಿ ಹೇಳಿದವು, ಅಂದರೆ ಶೇ 41. ಸುಮ್ಮನೆ ಊಹಿಸಿದ್ದರೆ ಶೇ 14 ಬರುತ್ತಿತ್ತು. ಊಹೆಗಿಂತ ಎಷ್ಟೋ ಮೇಲು, ಆದರೆ ಆಸ್ಪತ್ರೆಯಲ್ಲಿ ಬಳಸಲು ಏನೂ ಸಾಲದು. ಆ ಅಧ್ಯಯನದಲ್ಲಿ ಇನ್ನೊಂದು ಘಟನೆ ನಡೆಯಿತು. ತರಬೇತಿಯ ವೇಳೆ ‘ಆರೋಗ್ಯವಂತರ’ ಗುಂಪಿನ ಒಂದು ಮಾದರಿಯನ್ನು ಎಲ್ಲ ನಾಯಿಗಳೂ ಪಟ್ಟುಹಿಡಿದು ಕ್ಯಾನ್ಸರ್ ಎಂದವು. ಆ ವ್ಯಕ್ತಿಯನ್ನು ಮೊದಲೇ ತಪಾಸಣೆ ಮಾಡಿ ಏನೂ ಇಲ್ಲ ಎಂದಾಗಿತ್ತು. ಮತ್ತೆ ಪರೀಕ್ಷಿಸಿದಾಗ ಮೂತ್ರಪಿಂಡದಲ್ಲಿ ಗಡ್ಡೆ ಸಿಕ್ಕಿತು.

ಇಂಥ ಘಟನೆಗಳೇ ಜನರ ಮನಸ್ಸಿನಲ್ಲಿ ಉಳಿಯುವುದು, ಉಳಿಯಬೇಕಾದದ್ದೇ. ಆದರೆ ಇದರ ಪಕ್ಕದಲ್ಲೇ 2014ರ ಇನ್ನೊಂದು ಅಧ್ಯಯನವನ್ನು ಇಟ್ಟು ನೋಡಬೇಕು. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಪತ್ತೆಗೆ ಹತ್ತು ನಾಯಿಗಳಿಗೆ ತರಬೇತಿ ಕೊಡಲು ಹೊರಟರು, ಕೊನೆಯ ಹಂತಕ್ಕೆ ಬಂದದ್ದು ಎರಡು. ಪರಿಚಿತ ಮಾದರಿಗಳ ಮೇಲೆ ಅವು ಸೊಗಸಾಗಿ ಕೆಲಸ ಮಾಡಿದವು. ಹಿಂದೆಂದೂ ಮೂಸದ ಹೊಸ ಜನರ ಮೂತ್ರ ಕೊಟ್ಟಾಗ ಎರಡೂ ಸೋತವು. ಅವು ಕ್ಯಾನ್ಸರಿನ ವಾಸನೆ ಕಲಿತೇ ಇರಲಿಲ್ಲ. ಇದು ಈ ಮನುಷ್ಯನದ್ದು, ಇದಕ್ಕೆ ತಿಂಡಿ ಸಿಗುತ್ತದೆ ಎಂದು ಒಂದೊಂದು ಮಾದರಿಯನ್ನೂ ಬಾಯಿಪಾಠ ಮಾಡಿಕೊಂಡಿದ್ದವು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ವಿದ್ಯಾರ್ಥಿ ನೂರಕ್ಕೆ ನೂರು ತೆಗೆದ ಹಾಗೆ. ನಾಯಿಯ ನೆನಪಿನ ಶಕ್ತಿ ಅದರ ಮೂಗಿನಷ್ಟೇ ದೊಡ್ಡದು ಎಂಬುದನ್ನು ಪ್ರಯೋಗ ರೂಪಿಸುವವರು ಮರೆತರೆ, ಕಾಗದದ ಮೇಲೆ ಶೇ 99ರ ಯಶಸ್ಸು ತೋರಿಸುವುದು ಕಷ್ಟವೇನಲ್ಲ.

ಮೋಸ ಹೋಗಲು ಇನ್ನೂ ದಾರಿಗಳಿವೆ. ರೋಗಿಗಳ ಮಾದರಿ ಆಸ್ಪತ್ರೆಯಿಂದ ಬಂದು, ಆರೋಗ್ಯವಂತರ ಮಾದರಿ ಕಚೇರಿಯ ಸಿಬ್ಬಂದಿಯಿಂದ ಬಂದರೆ ನಾಯಿ ಹಿಡಿಯುವುದು ಆಸ್ಪತ್ರೆಯ ವಾಸನೆಯನ್ನು. ಒಂದು ಗುಂಪಿನವರು ವಯಸ್ಸಾದವರು, ಔಷಧಿ ನುಂಗುವವರು, ಸಿಗರೇಟು ಸೇದುವವರು ಆಗಿದ್ದರೆ ಅದು ಹಿಡಿಯುವುದು ಆ ವ್ಯತ್ಯಾಸವನ್ನು. ಒಂದು ಗುಂಪಿನ ಮಾದರಿ ಎರಡು ವರ್ಷ ಫ್ರೀಜರಿನಲ್ಲಿದ್ದು ಇನ್ನೊಂದು ನಿನ್ನೆಯದಾಗಿದ್ದರೂ ಅಷ್ಟೇ. ನಾಯಿಯಂತೂ ತಪ್ಪು ಮಾಡಲಿಲ್ಲ. ನಾವು ಕೇಳಿದೆವೆಂದುಕೊಂಡ ಪ್ರಶ್ನೆಯೇ ಬೇರೆ, ಅದಕ್ಕೆ ಕೇಳಿಸಿದ ಪ್ರಶ್ನೆಯೇ ಬೇರೆ.

ಅದಕ್ಕಿಂತ ಸೂಕ್ಷ್ಮವಾದದ್ದು ತರಬೇತುದಾರರ ಪ್ರಭಾವ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕ ಮಾಡುತ್ತದೆ ಎಂದು ಪ್ರಸಿದ್ಧವಾಗಿತ್ತು. ಅದು ನೋಡುತ್ತಿದ್ದದ್ದು ಅಂಕಿಗಳನ್ನಲ್ಲ, ಸರಿ ಉತ್ತರ ಬಂದಾಗ ಎದುರಿನವರ ಮುಖ ಮತ್ತು ಮೈಯಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಎಂದು ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿದರು. ನಾಯಿಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಾದಕವಸ್ತು ಮತ್ತು ಸ್ಫೋಟಕ ಪತ್ತೆಯ 18 ನಾಯಿಗಳನ್ನೂ ಅವುಗಳನ್ನು ನಡೆಸುವವರನ್ನೂ ಒಂದು ಕಟ್ಟಡದಲ್ಲಿ ಹುಡುಕಲು ಬಿಟ್ಟರು. ಎಲ್ಲೂ ಏನೂ ಇರಲಿಲ್ಲ. ಇದೆ ಎಂದು ನಾಯಿ ನಡೆಸುವವರಿಗೆ ಮಾತ್ರ ಹೇಳಲಾಗಿತ್ತು. ‘ಸಿಕ್ಕಿತು’ ಎಂಬ ಸೂಚನೆ 200ಕ್ಕೂ ಹೆಚ್ಚು ಬಾರಿ ಬಂತು. ಹಾಗಾಗಿ ರೋಗ ಪತ್ತೆಯಲ್ಲಿ ನಾಯಿಯ ಜೊತೆ ಇರುವವರಿಗೂ, ಕೋಣೆಯಲ್ಲಿ ನಿಂತವರಿಗೂ, ಯಾರಿಗೂ ಸರಿ ಉತ್ತರ ಗೊತ್ತಿರಬಾರದು. ಯಾವುದಾದರೂ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಈ ಒಂದು ವಾಕ್ಯವನ್ನು. ಅದಿಲ್ಲದಿದ್ದರೆ ಉಳಿದ ಅಂಕಿಗಳಿಗೆ ಹೆಚ್ಚು ಬೆಲೆ ಕೊಡುವುದಿಲ್ಲ.

ಆದರೆ ಯಾರಿಗೂ ಉತ್ತರ ಗೊತ್ತಿಲ್ಲ ಎಂದರೆ ನಾಯಿಗೆ ತಿಂಡಿ ಕೊಡುವುದು ಯಾವಾಗ? ಇದು ದಿನನಿತ್ಯದ ಬಳಕೆಯಲ್ಲಿ ಎದುರಾಗುವ ನಿಜವಾದ ತೊಡಕು. ಬಹುಮಾನವಿಲ್ಲದೆ ಪ್ರಾಣಿ ಬಹಳ ಹೊತ್ತು ಮನಸ್ಸಿಟ್ಟು ದುಡಿಯದು, ತಪ್ಪು ಉತ್ತರಕ್ಕೆ ಬಹುಮಾನ ಕೊಟ್ಟರೆ ಕಲಿತದ್ದೆಲ್ಲ ಕೆಡುತ್ತದೆ. ಮೊರೊಗೊರೊದಲ್ಲಿ ಇದಕ್ಕೆ ಉಪಾಯವೆಂದರೆ, ರೋಗ ಖಚಿತವಾಗಿರುವ ಮಾದರಿಗಳನ್ನೂ ನಡುನಡುವೆ ಸೇರಿಸಿ, ಅವನ್ನು ಗುರುತಿಸಿದಾಗ ಮಾತ್ರ ತಿನ್ನಲು ಕೊಡುವುದು.

ಇನ್ನು ಅಂಕಗಣಿತ. ಇದನ್ನು ಯಾರೂ ದಾಟುವಂತಿಲ್ಲ. ಒಂದು ನಾಯಿ ರೋಗಿಗಳಲ್ಲಿ ಶೇ 90ರಷ್ಟು ಜನರನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಶೇ 90ರಷ್ಟು ಜನರನ್ನು ಸರಿಯಾಗಿ ಬಿಡುತ್ತದೆ ಎಂದುಕೊಳ್ಳೋಣ. ರೋಗದ ಅನುಮಾನದಿಂದಲೇ ಬಂದ 1,000 ಜನರಲ್ಲಿ 400 ಮಂದಿಗೆ ನಿಜಕ್ಕೂ ರೋಗವಿದ್ದರೆ ನಾಯಿ 360 ಜನರನ್ನು ಸರಿಯಾಗಿ, 60 ಜನರನ್ನು ತಪ್ಪಾಗಿ ತೋರಿಸುತ್ತದೆ. ಅದರ ಮಾತಿಗೆ ಒಳ್ಳೆಯ ಬೆಲೆಯಿದೆ. ಅದೇ ನಾಯಿಯನ್ನು ಬೀದಿಯಲ್ಲಿ ಹೋಗುವ 1,000 ಜನರ ಮುಂದೆ ನಿಲ್ಲಿಸಿ, ಅವರಲ್ಲಿ 10 ಮಂದಿಗೆ ಮಾತ್ರ ರೋಗವಿದ್ದರೆ 9 ಜನ ಸರಿಯಾಗಿ ಸಿಗುತ್ತಾರೆ, ಜೊತೆಗೆ 99 ಜನ ಸುಮ್ಮನೆ ಸಿಕ್ಕಿಬೀಳುತ್ತಾರೆ. ಮೂಗು ಅದೇ, ತರಬೇತಿ ಅದೇ. ಆದರೆ ‘ನಿಮಗೆ ಕ್ಯಾನ್ಸರ್ ಇರಬಹುದು’ ಎಂದು ಹೇಳಿಸಿಕೊಂಡ 12 ಜನರಲ್ಲಿ 11 ಮಂದಿ ವಿನಾಕಾರಣ ನಿದ್ದೆಗೆಡುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ, ಸೂಜಿ ಚುಚ್ಚಿಸಿಕೊಳ್ಳುತ್ತಾರೆ. ಮೂಗಿಗಿಂತ ಮೂಗುತಿ ಭಾರವಾಗುವುದು ಇಲ್ಲಿ.

ಕೋವಿಡ್ ಕಾಲದಲ್ಲಿ ಇದು ಕಣ್ಣೆದುರಿಗೇ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಹೆಲ್ಸಿಂಕಿ ವಿಮಾನ ನಿಲ್ದಾಣದಲ್ಲಿ ನಾಯಿಗಳು ಪ್ರಯಾಣಿಕರ ಚರ್ಮ ಒರೆಸಿದ ಬಟ್ಟೆ ಮೂಸತೊಡಗಿದವು. ಪ್ರಯೋಗದ ಹಂತದಲ್ಲಿ ನಾಲ್ಕು ನಾಯಿಗಳು 420 ಜನರ ಮಾದರಿಗಳಲ್ಲಿ ಶೇ 92ರ ನಿಖರತೆ ತೋರಿಸಿದ್ದವು. ಆಮೇಲೆ ನಿಲ್ದಾಣದಲ್ಲೇ 303 ಪ್ರಯಾಣಿಕರ ಫಲಿತಾಂಶವನ್ನು ಪಿಸಿಆರ್ ಜೊತೆ ಹೋಲಿಸಿದಾಗ ಶೇ 98ರಷ್ಟು ತಾಳೆಯಾಯಿತು. ಕೇಳಲು ಅದ್ಭುತ. ಆದರೆ ಆ ಗುಂಪಿನಲ್ಲಿ ಪಿಸಿಆರ್ ಪಾಸಿಟಿವ್ ಬಂದಿದ್ದವರೇ ಮೂವರು, ಆ ಮೂವರನ್ನೂ ನಾಯಿಗಳು ನೆಗೆಟಿವ್ ಎಂದಿದ್ದವು. ಅವರಲ್ಲಿ ಎಲ್ಲರಿಗೂ ಆಗ ಸಕ್ರಿಯ ಸೋಂಕು ಇತ್ತೇ ಎಂಬುದು ಬೇರೆ ಚರ್ಚೆ. ರೋಗಿಗಳೇ ಇಲ್ಲದ ಕಡೆ ನಿಖರತೆಯ ಅಂಕಿ ಎಷ್ಟು ಕಡಿಮೆ ಹೇಳುತ್ತದೆ ಎಂಬುದಕ್ಕೆ ಇದನ್ನು ನೆನಪಿಟ್ಟರೆ ಸಾಕು.

ಪ್ರಯೋಗಾಲಯಕ್ಕೂ ವಾರ್ಡಿಗೂ ಇರುವ ದೂರವನ್ನು ಆಮ್‌ಸ್ಟರ್‌ಡ್ಯಾಮಿನ ಕ್ಲಿಫ್ ಎಂಬ ಬೀಗಲ್ ನಾಯಿ ಅಳೆದು ತೋರಿಸಿತು. ಆಸ್ಪತ್ರೆಗಳಲ್ಲಿ ಹಬ್ಬುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಭೇದಿ ತರುವ ಸೋಂಕನ್ನು ಅದು ಮಲದ ಮಾದರಿಗಳಲ್ಲಿ ನೂರಕ್ಕೆ ನೂರು ಸರಿಯಾಗಿ ಗುರುತಿಸಿತು. ವಾರ್ಡುಗಳಲ್ಲಿ ಹಾಸಿಗೆಗಳ ಪಕ್ಕ ನಡೆಸಿಕೊಂಡು ಹೋದಾಗ 30 ಸೋಂಕಿತರಲ್ಲಿ 25 ಮಂದಿಯನ್ನು ಹಿಡಿಯಿತು, 270 ಇತರರಲ್ಲಿ 265 ಮಂದಿಯನ್ನು ಸರಿಯಾಗಿ ಬಿಟ್ಟಿತು. 2012ರ ಈ ಫಲಿತಾಂಶ ನನ್ನ ದೃಷ್ಟಿಯಲ್ಲಿ ನಿಜಕ್ಕೂ ಚೆನ್ನಾಗಿದೆ. ಸೋಂಕು ಹೆಚ್ಚಿರುವ ಜಾಗ, ಬೇಗ ತಿಳಿದರೆ ಬೇಗ ಪ್ರತ್ಯೇಕಿಸಬಹುದಾದ ಕಾಯಿಲೆ, ಖಚಿತಪಡಿಸಲು ಪ್ರಯೋಗಾಲಯ ಅಲ್ಲೇ ಇದೆ.

ಮಲೇರಿಯಾದಲ್ಲೂ ಇಂಥದೇ ಒಂದು ಸೂಕ್ತ ಜಾಗ ಕಾಣುತ್ತಿದೆ. ಗ್ಯಾಂಬಿಯಾದ 175 ಮಕ್ಕಳು ರಾತ್ರಿ ಹಾಕಿಕೊಂಡ ನೈಲಾನ್ ಕಾಲುಚೀಲಗಳನ್ನು ಇಂಗ್ಲೆಂಡಿಗೆ ಕಳಿಸಿ ನಾಯಿಗಳಿಗೆ ಮೂಸಲು ಕೊಟ್ಟರು. ಸೋಂಕಿದ್ದ 30 ಮಕ್ಕಳಲ್ಲಿ ಸುಮಾರು ಶೇ 70ರಷ್ಟನ್ನು ಅವು ಗುರುತಿಸಿದವು. ಆ ಮಕ್ಕಳಿಗೆ ಜ್ವರವಿರಲಿಲ್ಲ, ಮೇಲುನೋಟಕ್ಕೆ ಆರೋಗ್ಯವಾಗಿದ್ದರು. ಮಲೇರಿಯಾವನ್ನು ಹೊಡೆದೋಡಿಸಿದ ಪ್ರದೇಶಕ್ಕೆ ಮತ್ತೆ ರೋಗ ಕಾಲಿಡುವುದು ಲಕ್ಷಣವಿಲ್ಲದ ಇಂಥವರ ಮೂಲಕ. ಬಂದರಿನಲ್ಲೋ ಗಡಿಯಲ್ಲೋ ಎಲ್ಲರ ಬೆರಳಿಗೂ ಸೂಜಿ ಚುಚ್ಚಲಾಗದು. ನಾಯಿ ತೋರಿಸಿದವರಿಗೆ ಮಾತ್ರ ರಕ್ತಪರೀಕ್ಷೆ ಮಾಡುವುದಾದರೆ ತಪ್ಪು ಎಚ್ಚರಿಕೆಯಿಂದ ಆಗುವ ನಷ್ಟ ಒಂದು ಹನಿ ರಕ್ತ.

ಪ್ರಾಣಿಯ ಮೂಗಿನ ಇನ್ನೊಂದು ಉಪಯೋಗ ಇನ್ನೂ ದೊಡ್ಡದು ಎನಿಸುತ್ತದೆ: ಎಲ್ಲಿ ಹುಡುಕಬೇಕು ಎಂದು ರಸಾಯನಶಾಸ್ತ್ರಜ್ಞರಿಗೆ ಬೆರಳು ಮಾಡಿ ತೋರಿಸುವುದು. ಇದರ ಅತ್ಯುತ್ತಮ ಉದಾಹರಣೆಯಲ್ಲಿ ಮೂಗು ಮನುಷ್ಯರದ್ದೇ. ಸ್ಕಾಟ್ಲೆಂಡಿನ ಜಾಯ್ ಮಿಲ್ನ್ ತಮ್ಮ ಗಂಡನ ಮೈವಾಸನೆ ಬದಲಾದದ್ದನ್ನು ಅವರಿಗೆ ಪಾರ್ಕಿನ್ಸನ್ ಎಂಬ, ಕೈಕಾಲು ನಡುಗಿಸುವ ನರದ ಕಾಯಿಲೆ ಪತ್ತೆಯಾಗುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ ಗಮನಿಸಿದ್ದರು. ಎಡಿನ್‌ಬರಾದ ವಿಜ್ಞಾನಿ ಟಿಲೊ ಕುನಾತ್ 12 ಜನ ತೊಟ್ಟ ಟಿ-ಶರ್ಟ್‌ಗಳನ್ನು ಕೊಟ್ಟಾಗ ಅವರು ರೋಗಿಗಳ ಆರೂ ಶರ್ಟುಗಳನ್ನು ಗುರುತಿಸಿದರು, ಆರೋಗ್ಯವಂತ ಎನಿಸಿಕೊಂಡ ಒಬ್ಬರದ್ದನ್ನೂ ರೋಗಿಯದ್ದೇ ಎಂದರು. ಕೆಲವು ತಿಂಗಳ ನಂತರ ಆ ವ್ಯಕ್ತಿಗೂ ಪಾರ್ಕಿನ್ಸನ್ ಇರುವುದು ತಿಳಿಯಿತು. ಮ್ಯಾಂಚೆಸ್ಟರಿನ ಪೆರ್ಡಿಟಾ ಬ್ಯಾರನ್ ತಂಡ ಇದರ ಜಾಡು ಹಿಡಿದು, ಬೆನ್ನಿನ ಮೇಲಿನ ಚರ್ಮದ ಜಿಡ್ಡಿನಲ್ಲಿ ಪ್ರಮಾಣ ಬದಲಾಗುವ ಕೆಲವು ವಸ್ತುಗಳನ್ನು 2019ರಲ್ಲಿ ಹೆಸರಿಸಿತು. 2025ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಎರಡು ನಾಯಿಗಳು ಅದೇ ಜಿಡ್ಡನ್ನು ಮೂಸಿ ರೋಗಿಗಳಲ್ಲಿ ಶೇ 70 ಮತ್ತು 80ರಷ್ಟನ್ನು ಹಿಡಿದವು, ಆರೋಗ್ಯವಂತರಲ್ಲಿ ಶೇ 90 ಮತ್ತು 98ರಷ್ಟನ್ನು ಸರಿಯಾಗಿ ಬಿಟ್ಟವು. ಯಾರಿಗೂ ಉತ್ತರ ಗೊತ್ತಿಲ್ಲದ ಪರೀಕ್ಷೆ, ನಾಯಿಗಳಿಗೆ ಹೊಸ ಮಾದರಿಗಳು. ಪಾರ್ಕಿನ್ಸನ್‌ಗೆ ಖಚಿತವಾದ ಆರಂಭಿಕ ಪರೀಕ್ಷೆಯೇ ಇಲ್ಲದಿರುವಾಗ ಇದು ಸಣ್ಣ ಸಂಗತಿಯಲ್ಲ. ಎಲ್ಲ ಆಸ್ಪತ್ರೆಗೂ ಒಂದೊಂದು ನಾಯಿ ಇಡುವ ಅಗತ್ಯ ಬರಲಾರದು. ಚರ್ಮ ಒರೆಸಿದ ಹತ್ತಿಯಿಂದ ಅದೇ ಉತ್ತರ ಕೊಡುವ ಯಂತ್ರಕ್ಕೆ ನಾಯಿ ದಾರಿ ತೋರಿಸಿದರೆ ಸಾಕು.

ಆ ಯಂತ್ರ ಇನ್ನೂ ದೂರವಿದೆ. ಅಲ್ಲಿಯವರೆಗೆ ಬೇರೆ ಜೀವಿಗಳ ಪ್ರಯೋಗಗಳೂ ನಡೆದಿವೆ. ಫ್ರಾನ್ಸಿನ ಸಂಶೋಧಕರು 2022ರಲ್ಲಿ ಒಂದು ಜಾತಿಯ ಇರುವೆಗಳಿಗೆ ಸಕ್ಕರೆ ನೀರಿನ ಆಸೆ ತೋರಿಸಿ, ಕೆಲವೇ ಸುತ್ತುಗಳಲ್ಲಿ ಕ್ಯಾನ್ಸರ್ ಕೋಶಗಳ ವಾಸನೆ ಕಲಿಸಿದರು. ನಾಯಿಗೆ ತಿಂಗಳುಗಟ್ಟಲೆ ಬೇಕಾಗುವ ಪಾಠ ಇರುವೆಗೆ ಅರ್ಧ ದಿನದೊಳಗೆ ಆಗುವುದು ಬೆರಗಿನ ವಿಷಯವೇ. ಆದರೆ ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೂ ಮನುಷ್ಯನ ಮೂತ್ರಕ್ಕೂ ಬಹಳ ಅಂತರವಿದೆ. ಜಪಾನಿನಲ್ಲಿ ಈ ಅಂತರವನ್ನು ಅವಸರದಲ್ಲಿ ಜಿಗಿಯಲಾಯಿತು ಎಂಬ ಕಳವಳ ನನ್ನದು. ಒಂದು ಮಿಲಿಮೀಟರ್ ಉದ್ದದ ದುಂಡುಹುಳುಗಳು ಕ್ಯಾನ್ಸರ್ ರೋಗಿಗಳ ಮೂತ್ರದ ಕಡೆ ಸೆಳೆಯಲ್ಪಡುತ್ತವೆ ಎಂದು 2015ರಲ್ಲಿ ವರದಿಯಾಯಿತು. 2020ರಿಂದ ಅದನ್ನು ಆಧರಿಸಿದ ಪರೀಕ್ಷೆ ಆರೋಗ್ಯವಂತ ಜನರಿಗೂ ನೇರವಾಗಿ ಮಾರಾಟಕ್ಕೆ ಬಂತು. ‘ಅಪಾಯ ಹೆಚ್ಚು’ ಎಂಬ ಫಲಿತಾಂಶ ಹಿಡಿದು ಬಂದವರನ್ನು ಸ್ಕ್ಯಾನ್ ಮಾಡಿ ನೋಡಿದ ಅಲ್ಲಿನ ವೈದ್ಯರೇ ಅದರ ನಿಖರತೆಯನ್ನು ಬಹಿರಂಗವಾಗಿ ಪ್ರಶ್ನಿಸಿದ್ದಾರೆ. ಸಾವಿರ ಜನರಲ್ಲಿ ಹತ್ತು ರೋಗಿಗಳ ಲೆಕ್ಕ ಇಲ್ಲಿಗೂ ಹಾಗೇ ಅನ್ವಯಿಸುತ್ತದೆ, ಮೂಸುವುದು ಹುಳುವಾದರೇನು ನಾಯಿಯಾದರೇನು.

ಈಗ ಎಲ್ಲರ ಗಮನ ಉಸಿರಿನ ಕಡೆಗಿದೆ. ಇಸ್ರೇಲಿನ ಕಂಪನಿಯೊಂದು ಮುಖಗವಸಿನಲ್ಲಿ ಹಿಡಿದ ಉಸಿರನ್ನು ನಾಯಿಗಳಿಗೆ ಮೂಸಲು ಕೊಟ್ಟು, ನಾಯಿಯ ನಡವಳಿಕೆಯನ್ನು ಕಂಪ್ಯೂಟರಿನಿಂದ ಓದಿಸಿ, 1,386 ಜನರ ಅಧ್ಯಯನವನ್ನು 2024ರಲ್ಲಿ ಪ್ರಕಟಿಸಿತು. ಸ್ತನ, ಶ್ವಾಸಕೋಶ, ದೊಡ್ಡಕರುಳು, ಪ್ರಾಸ್ಟೇಟ್ ಈ ನಾಲ್ಕು ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 94ರಷ್ಟನ್ನು ಹಿಡಿದದ್ದು, ರೋಗವಿಲ್ಲದವರಲ್ಲೂ ಸುಮಾರು ಶೇ 94ರಷ್ಟನ್ನು ಸರಿಯಾಗಿ ಬಿಟ್ಟದ್ದು ಹುರುಪು ತರುವ ಅಂಕಿ. ತೀರ್ಪುಗಾರರ ಜಾಗದಲ್ಲಿ ಮನುಷ್ಯರ ಬದಲು ಕ್ಯಾಮೆರಾ ಇಟ್ಟದ್ದೂ ಒಳ್ಳೆಯ ಹೆಜ್ಜೆ. ಆದರೆ ಇವರು ಹೆಚ್ಚಾಗಿ ತಪಾಸಣೆಗೋ ಅನುಮಾನ ಪರಿಹಾರಕ್ಕೋ ಆಸ್ಪತ್ರೆಗೆ ಬಂದಿದ್ದವರು. ಪರೀಕ್ಷೆ ನಡೆಸಿದವರೇ ಅದನ್ನು ಮಾರುವವರು ಕೂಡ. ಮುಂದಿನ ಅಧ್ಯಯನವನ್ನು ಬೇರೆಯವರು, ಬೇರೆ ಊರಿನಲ್ಲಿ, ಯಾವ ಲಕ್ಷಣವೂ ಇಲ್ಲದ ಸಾವಿರಾರು ಜನರ ಮೇಲೆ ಮಾಡಬೇಕು. ನಾಯಿ ‘ಇದೆ’ ಎಂದವರನ್ನು ಮಾತ್ರವಲ್ಲ, ‘ಇಲ್ಲ’ ಎಂದು ಬಿಟ್ಟವರನ್ನೂ ಎರಡು-ಮೂರು ವರ್ಷ ಹಿಂಬಾಲಿಸಿ, ಅವರಲ್ಲಿ ಎಷ್ಟು ಜನರಿಗೆ ಆಮೇಲೆ ಕ್ಯಾನ್ಸರ್ ಬಂತು ಎಂದು ಎಣಿಸಬೇಕು. ಆ ಎಣಿಕೆ ಮುಗಿಯುವವರೆಗೆ ಮುಖಗವಸಿನ ಫಲಿತಾಂಶ ನೋಡಿ ಯಾರೂ ಸ್ತನದ ಎಕ್ಸ್-ರೇಯಾದ ಮ್ಯಾಮೊಗ್ರಾಂ, ದೊಡ್ಡಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿಗಳನ್ನು ಕೈಬಿಡುವಂತಿಲ್ಲ.